ಈ ಸಲ ಏನು ಹಾಡ್ತಾರೋ

— ದೊಡ್ಡಪ್ಪಾ, ಪೋಸ್ಟಿನವರು ಒಂದು ಕಾರ್ಡು ಕೊಟ್ಟು ಹೋದರು. ನಾಲ್ಕು ಮೂಲೆಗೂ ಅರಿಶಿನ ಹಚ್ಚಿದೆ. ರಾಮೋತ್ಸವದ್ದೇ ಇರಬೇಕು.

— ಬಂತಾ? ತಾಮ್ಮ ಇಲ್ಲಿ. ಯುಗಾದಿಗೆ ನಾಲ್ಕೇ ದಿನ ಉಳೀತು, ಇನ್ನೂ ಬರಲಿಲ್ಲವಲ್ಲ ಅಂತ ಬೆಳಿಗ್ಗೆಯಿಂದ ಎರಡು ಸಲ ಗೇಟಿನವರೆಗೆ ಹೋಗಿ ನೋಡಿಕೊಂಡು ಬಂದೆ. ಮೊಬೈಲಿಗೂ ಕಳಿಸಿದ್ದಾರಂತೆ, ನಾನು ತೆಗೆದು ನೋಡಿಲ್ಲ. ಕಾಗದ ಕೈಗೆ ಬರದೆ ನನಗೆ ಉತ್ಸವ ಹತ್ತಿರ ಬಂತು ಅನ್ನಿಸೋದಿಲ್ಲ. ಕನ್ನಡಕ ಒಳಗಿದೆ, ನೀನೇ ಓದು. ಅವಸರ ಬೇಡ, ಒಂದೊಂದೇ ದಿನ ಓದು.

— 'ಪಾಡ್ಯದಿಂದ ನವಮಿಯವರೆಗೆ ಗರ್ಭೋತ್ಸವದ ಅಂಗವಾಗಿ...' ಗರ್ಭೋತ್ಸವ ಅಂದರೇನು ದೊಡ್ಡಪ್ಪ?

— ರಾಮ ಹುಟ್ಟೋದು ಚೈತ್ರ ಶುದ್ಧ ನವಮಿ. ಪಾಡ್ಯದಿಂದ ಆ ದಿನದವರೆಗಿನ ಒಂಬತ್ತು ದಿನದ ಪೂಜೆ, ಪಾರಾಯಣ, ಸಂಗೀತ ಎಲ್ಲ ಸೇರಿ ಗರ್ಭೋತ್ಸವ. ನವಮಿಯಿಂದ ಮುಂದಕ್ಕೆ ಮಾಡಿದರೆ ಜನನೋತ್ಸವ. ಒಂದೊಂದು ಕಡೆ ಒಂದೊಂದು ಪದ್ಧತಿ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೋಟೆ ಹೈಸ್ಕೂಲು ಮೈದಾನದ ಚಪ್ಪರ ಇದೆಯಲ್ಲ, ಎಸ್.ವಿ. ನಾರಾಯಣಸ್ವಾಮಿರಾಯರು 1939ರಲ್ಲಿ ಶುರುಮಾಡಿದ ರಾಮಸೇವಾ ಮಂಡಳಿಯದ್ದು, ಅಲ್ಲಿ ಒಂಬತ್ತು ದಿನಕ್ಕೆ ಮುಗಿಯೋದೇ ಇಲ್ಲ, ವಾರಗಟ್ಟಲೆ ನಡೆಯುತ್ತೆ. ನನಗೆ ಮಾತ್ರ ಗರ್ಭೋತ್ಸವವೇ ಇಷ್ಟ. ಬಸುರಿ ಇರೋ ಮನೆ ನೋಡಿದ್ದೀಯಲ್ಲ? ಎಲ್ಲರೂ ಒಂದೊಂದು ಕೆಲಸ ಮಾಡ್ತಿದ್ದರೂ ಒಂದು ಕಿವಿ ಒಳಗಿನ ಕೋಣೆ ಕಡೆಗೇ ಇರುತ್ತೆ. ಹಾಗೆ.

— ಸರಿ, ಮೊದಲನೇ ದಿನ. ಗಾಯನ ಇವರು, ಪಿಟೀಲು ಇವರು, ಮೃದಂಗ ಇವರು, ಖಂಜಿರ ಇವರು. ಸಂಜೆ ಆರೂವರೆಗೆ. ಎರಡನೇ ದಿನ, ಗಾಯನ, ಪಿಟೀಲು, ಮೃದಂಗ, ಘಟ. ಮೂರನೇ ದಿನವೂ ಹಾಗೇ. ಐದನೇ ದಿನ ವೀಣೆ. ಹಿಂದೆ ಪ್ರಾಯೋಜಕರ ಹೆಸರು. ಕೊನೆಗೆ 'ಪಾನಕ, ಕೋಸಂಬರಿ ವಿನಿಯೋಗವಿರುತ್ತದೆ'. ಅಷ್ಟೇ. ದೊಡ್ಡಪ್ಪ, ಪಾನಕ ಕೊಡ್ತೀವಿ ಅಂತ ಬರೆದಿದ್ದಾರೆ, ಏನು ಹಾಡ್ತೀವಿ ಅಂತ ಎಲ್ಲೂ ಬರೆದಿಲ್ಲವಲ್ಲ!

— ಬರೆಯೋ ಪದ್ಧತಿ ಇಲ್ಲ ಕಣೆ.

— ಯಾಕಿಲ್ಲ? ಲಂಡನ್ನಿನ ಪ್ರಾಮ್ಸ್ ಉತ್ಸವ ನೋಡಿ. ಅದೂ ಬೇಸಿಗೆಯದೇ. 1895ರಲ್ಲಿ ಹೆನ್ರಿ ವುಡ್ ನಡೆಸೋಕೆ ಶುರುಮಾಡಿದ್ದು, ಇವತ್ತಿಗೂ ನಡೀತಿದೆ. ಜುಲೈನಲ್ಲಿ ಶುರುವಾಗೋ ಉತ್ಸವಕ್ಕೆ ವಸಂತದಲ್ಲೇ ಪುಸ್ತಕ ಅಚ್ಚುಹಾಕ್ತಾರೆ. ಯಾವ ದಿನ, ಯಾರ ಕೃತಿ, ಎಷ್ಟನೇ ಸಿಂಫನಿ, ಎಲ್ಲ ಅದರಲ್ಲಿರುತ್ತೆ. ಜನ ಮನೆಯಲ್ಲೇ ಕೇಳಿ, ಓದಿ, ತಯಾರಾಗಿ ಹೋಗ್ತಾರೆ. ನಮ್ಮಲ್ಲಿ ಹೆಸರು ನೋಡಿಕೊಂಡು ಹೋಗಿ ಕೂತ್ಕೋಬೇಕು.

— ಅಲ್ಲಿಯದು ತಪ್ಪು ಅಂತ ನಾನು ಹೇಳೋದಿಲ್ಲ. ಆ ಸಂಗೀತಕ್ಕೆ ಅದೇ ಸರಿ. ಬರೆದವರು ಒಬ್ಬರು, ನುಡಿಸೋರು ಇನ್ನೊಬ್ಬರು, ಬರೆದದ್ದರಲ್ಲಿ ಒಂದು ಸ್ವರ ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಅಂಥ ಕೃತಿಗಾಗಿ ಕಾಯೋದು ಹೇಗಿರುತ್ತೆ ಅಂತ ನಮ್ಮ ಮೈಸೂರಿನವರೊಬ್ಬರಿಗೆ ಚೆನ್ನಾಗಿ ಗೊತ್ತಿತ್ತು.

— ಯಾರಿಗೆ?

— ಜಯಚಾಮರಾಜೇಂದ್ರ ಒಡೆಯರಿಗೆ. ರಿಚರ್ಡ್ ಸ್ಟ್ರಾಸ್ ಅಂತ ದೊಡ್ಡ ಜರ್ಮನ್ ಸಂಗೀತ ಸಂಯೋಜಕರು, 1949ರಲ್ಲಿ ತೀರಿಕೊಂಡರು. ಕಡೆಗಾಲದಲ್ಲಿ ಅವರು ಬರೆದ ನಾಲ್ಕು ಹಾಡನ್ನ ಆಗಿನ್ನೂ ಯಾವ ವೇದಿಕೆಯಲ್ಲೂ ಹಾಡಿರಲಿಲ್ಲ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿದರು, ಫಿಲ್‌ಹಾರ್ಮೋನಿಯಾ ವಾದ್ಯವೃಂದ ನಡೆಸಿದವರು ಫುರ್ಟ್‌ವಾಂಗ್ಲರ್. ಆ ಕಛೇರಿಗೆ ನಷ್ಟವಾದರೆ ನಾನು ತುಂಬಿಕೊಡ್ತೀನಿ ಅಂತ 4,800 ಡಾಲರಿನ ಭರವಸೆ ಕೊಟ್ಟವರು ನಮ್ಮ ಮಹಾರಾಜರು. ತಾವು ಹೋಗೋದಕ್ಕೆ ಆಗದ್ದರಿಂದ ಅದನ್ನ ಧ್ವನಿಮುದ್ರಿಸಿ ಮೈಸೂರಿಗೆ ಕಳಿಸೋ ಏರ್ಪಾಡೂ ಆಗಿತ್ತು. ಯೋಚನೆ ಮಾಡು. ಏನು ಹಾಡ್ತಾರೆ ಅಂತ ಅವರಿಗೆ ಪೂರ್ತಿ ಗೊತ್ತು. ಗೊತ್ತಿದ್ದೂ ಅಷ್ಟು ದೂರದಿಂದ ಕಾದರು. ಅದೇ ಮಹಾರಾಜರು ಇಲ್ಲಿ ಕೂತು ನಮ್ಮ ಕರ್ನಾಟಕ ಪದ್ಧತಿಯಲ್ಲಿ 94 ಕೃತಿ ರಚಿಸಿದರು. ಎರಡು ಥರದ ಕಾಯುವಿಕೆಯೂ ಅವರಿಗೆ ತಿಳಿದಿತ್ತು ಅಂತ ನನ್ನ ನಂಬಿಕೆ.

— ಎರಡನೇ ಥರದ್ದು ಯಾವುದು?

— ಈ ಕಾರ್ಡಿನದು. ಮೊದಲನೇ ದಿನದ್ದು ಇನ್ನೊಂದು ಸಲ ಓದು. ಬರೀ ಹೆಸರು ಅಂತ ಓದಬೇಡ.

— ಗಾಯನ... ಇವರ ಒಂದು ಕಛೇರಿ ಮೊಬೈಲಿನಲ್ಲಿ ಕೇಳಿದೀನಿ. ನಿಧಾನ. ಚೌಕ ಕಾಲದಲ್ಲೇ ಹೆಚ್ಚು ನಿಲ್ತಾರೆ.

— ಹಾಂ. ಪಿಟೀಲು?

— ಈ ಹುಡುಗಿ ಚುರುಕು. ಸ್ವರಕಲ್ಪನೆಗೆ ಕಾಯ್ತಾ ಕೂತಿರ್ತಾಳೆ.

— ನೋಡು, ಅಲ್ಲೇ ಕಥೆ ಶುರುವಾಯ್ತು. ನಿಧಾನ ಹಾಡೋರು, ಚುರುಕಾಗಿ ನುಡಿಸೋಳು. ಇಬ್ಬರೂ ಒಬ್ಬರಿಗೊಬ್ಬರು ಒಗ್ಗಿಕೊಳ್ಳೋದಕ್ಕೆ ಎರಡು ಕೃತಿ ಬೇಕು. ಪಕ್ಕದಲ್ಲಿ ಖಂಜಿರ ಬೇರೆ ಇದೆ. ಅಂದಮೇಲೆ ತನಿ ಆವರ್ತನ ಮೃದಂಗದವರೊಬ್ಬರದೇ ಅಲ್ಲ, ಇಬ್ಬರೂ ಸರದಿಯಲ್ಲಿ ನುಡಿಸಿ, ಆಮೇಲೆ ಕೂಡಿ ಮುಗಿಸಬೇಕು. ಅದಕ್ಕೆ ಹೊತ್ತು ಹಿಡಿಯುತ್ತೆ. ಹಾಗಾಗಿ ಮುಖ್ಯ ರಾಗವನ್ನ ಅವರು ಏಳೂಮುಕ್ಕಾಲಿಗಾದರೂ ಎತ್ತಿಕೊಳ್ಳಲೇಬೇಕು. ಅಂಥ ಗಾಯಕರು ಅಷ್ಟು ಹೊತ್ತಿಗೆ ಏನು ಎತ್ತಿಕೊಂಡಾರು? ನನ್ನನ್ನ ಕೇಳಿದರೆ ತೋಡಿ. ಇಲ್ಲದಿದ್ದರೆ ಶಂಕರಾಭರಣ. ನಾಲ್ಕು ಹೆಸರು, ಒಂದು ಗಂಟೆ, ಇಷ್ಟರಿಂದ ಇಷ್ಟೆಲ್ಲ ಊಹೆ ಕಟ್ಟಬಹುದು. ಹಾಡಿನ ಪಟ್ಟಿ ಅಚ್ಚಾಗಿದ್ದರೆ ಈ ನಾಲ್ಕು ದಿನ ನನಗೆ ಏನು ಕೆಲಸ ಇರ್ತಿತ್ತು ಹೇಳು.

— ನೀವು ನಲವತ್ತು ವರ್ಷದಿಂದ ಕೇಳ್ತಿದೀರಿ, ಊಹೆ ಮಾಡ್ತೀರಿ. ಗೊತ್ತಿಲ್ಲದವರು ಏನು ಮಾಡಬೇಕು?

— ಅದಕ್ಕೆ ಬರ್ತೀನಿ, ತಾಳು. ಅದಕ್ಕೆ ಮುಂಚೆ ಇನ್ನೊಂದು ವಿಷಯ. ಈ ಪಟ್ಟಿ ನಮಗಷ್ಟೇ ಗೊತ್ತಿಲ್ಲ ಅಂದುಕೊಂಡೆಯಾ? ಪಿಟೀಲು ನುಡಿಸೋ ಆ ಹುಡುಗಿಗೂ ಬಹುಪಾಲು ಗೊತ್ತಿರೋದಿಲ್ಲ. ನಮ್ಮಲ್ಲಿ ಎಷ್ಟೋ ಕಛೇರಿಗೆ ಅಭ್ಯಾಸ ಅಂತ ಒಟ್ಟಿಗೆ ಕೂರೋದೇ ಇಲ್ಲ. ಕೆಲವು ಸಲ ಮೊದಲ ಭೇಟಿಯೇ ವೇದಿಕೆಯ ಮೇಲೆ. ಗಾಯಕರು ರಾಗ ಎತ್ತಿದ ಕೂಡಲೇ ಅವಳು ಹಿಡಕೊಂಡು ಹಿಂದೆ ಬರಬೇಕು. ಕೃತಿಯ ಎತ್ತುಗಡೆಯಲ್ಲೇ ಮೃದಂಗದವರಿಗೆ ತಾಳ, ನಡೆ, ಎಡುಪು ಎಲ್ಲ ತಿಳಿದುಬಿಡಬೇಕು. ವೇದಿಕೆಯ ಮೇಲಿರೋರೂ ಕಾಯ್ತಿರ್ತಾರೆ, ಕೆಳಗಿರೋ ನಾವೂ ಕಾಯ್ತಿರ್ತೀವಿ. ಒಂದೇ ಕ್ಷಣದಲ್ಲಿ ಎಲ್ಲರಿಗೂ ಗೊತ್ತಾಗುತ್ತೆ. ಆ ಕ್ಷಣಕ್ಕಾಗಿ ನಾನು ಈ ಬಿಸಿಲಲ್ಲಿ ಇಲವಾಲದಿಂದ ಮೈಸೂರಿಗೆ ಹೋಗ್ತೀನಿ.

— ಹಾಡೋರಿಗಾದರೂ ಮೊದಲೇ ಗೊತ್ತಿರುತ್ತಲ್ಲ?

— ಅರ್ಧ. ಮನೆಯಿಂದ ಹೊರಡುವಾಗ ಮನಸ್ಸಲ್ಲಿ ಒಂದು ಪಟ್ಟಿ ಇದ್ದೇ ಇರುತ್ತೆ. ಆದರೆ ಗಂಟಲು ಹೇಗಿದೆ, ಎದುರಿಗೆ ಯಾರು ಕೂತಿದ್ದಾರೆ, ಹಿಂದಿನ ದಿನದವರು ಏನು ಹಾಡಿದರು, ಇದರ ಮೇಲೆ ಅದು ಬದಲಾಗುತ್ತೆ. ನೆನ್ನೆ ಕಲ್ಯಾಣಿ ಆಗಿದೆ ಅಂತ ಗೊತ್ತಾದರೆ ಇವತ್ತು ಬೇರೆ ತೆಗೀತಾರೆ. ಅದರ ಮೇಲೆ ಈ ಸೆಕೆ. ಬೇಸಿಗೆ ಕಛೇರಿಗೂ ಡಿಸೆಂಬರಿನ ಕಛೇರಿಗೂ ವ್ಯತ್ಯಾಸ ಇದೆ ಕಣಮ್ಮ. ಒಣ ಬಿಸಿಲಿಗೆ ಮೃದಂಗದ ಚರ್ಮ ಬಿಗಿದುಕೊಂಡು ಶ್ರುತಿ ಏರುತ್ತೆ. ಸಂಜೆ ಒಂದು ಅಡ್ಡ ಮಳೆ ಹೊಡೆದರೆ ಅದೇ ಚರ್ಮ ಸಡಿಲ. ಮೃದಂಗದವರು ಕಲ್ಲು, ಕೊಡತಿ ಹಿಡಿದು ತಟ್ಟುತ್ತಲೇ ಇರಬೇಕು. ಖಂಜಿರದವರ ಪಕ್ಕದಲ್ಲಿ ನೀರಿನ ಲೋಟ ಇಟ್ಟಿರ್ತಾರೆ, ನೋಡಿದ್ದೀಯಾ? ಕುಡಿಯೋಕಲ್ಲ. ಉಡದ ಚರ್ಮಕ್ಕೆ ಒಳಗಿನಿಂದ ನೀರು ಸವರಿ ನಾದ ತಗ್ಗಿಸಿಕೊಳ್ಳೋದಕ್ಕೆ. ಬೇಸಿಗೆಯಲ್ಲಿ ಅದು ಬೇಗ ಆರಿಹೋಗುತ್ತೆ, ತಿರುಗಿ ತಿರುಗಿ ಸವರಬೇಕು.

— ವೀಣೆಗೂ ಹಾಗೇ. ಹೋದ ಏಪ್ರಿಲ್‌ನಲ್ಲಿ ನನ್ನ ವೀಣೆಯನ್ನ ಕಿಟಕಿ ಪಕ್ಕ ಇಟ್ಟಿದ್ದೆ. ಮೆಟ್ಟಿಲು ಕೂರಿಸಿದ ಮೇಣ ಮೆತ್ತಗಾಗಿ ಮಧ್ಯ ಸ್ಥಾಯಿಯ ಎರಡು ಮೆಟ್ಟಿಲು ಸರಿದುಬಿಟ್ಟಿತ್ತು. ಕಣ್ಣಿಗೆ ಕಾಣಿಸಲೇ ಇಲ್ಲ, ನುಡಿಸಿದಾಗ ಗಾಂಧಾರ ಕಿವಿಗೆ ಚುಚ್ಚಿತು. ಅತ್ತುಬಿಟ್ಟೆ ನಾನು.

— ನೆನಪಿದೆ. ಇಪ್ಪತ್ತನಾಲ್ಕು ಮೆಟ್ಟಿಲೂ ಮೇಣದ ಮೇಲೇ ಕೂತಿರೋದು. ಮೈಸೂರಿನ ಇಷ್ಟು ದೊಡ್ಡ ವೀಣೆಯ ಪರಂಪರೆ, ಶೇಷಣ್ಣನವರದು, ವೆಂಕಟಗಿರಿಯಪ್ಪನವರದು, ದೊರೆಸ್ವಾಮಿ ಅಯ್ಯಂಗಾರ್ಯರದು, ಅಷ್ಟೂ ಜೇನುಮೇಣದ ಮೇಲೆ ನಿಂತಿದೆ. ಐದನೇ ದಿನ ವೀಣೆ ಇದೆ ಅಂದೆಯಲ್ಲವಾ? ಆ ಸಂಜೆ ವೈಣಿಕರು ಮೊದಲ ಹತ್ತು ನಿಮಿಷ ಏನು ಮಾಡ್ತಾರೆ ನೋಡು. ವರ್ಣ ನುಡಿಸ್ತಾನೇ ಪ್ರತಿಯೊಂದು ಮೆಟ್ಟಿಲನ್ನೂ ಪರೀಕ್ಷೆ ಮಾಡಿಬಿಡ್ತಾರೆ. ಯಾವ ಸ್ವರ ನಂಬಬಹುದು, ಯಾವುದನ್ನ ತಂತಿ ಎಳೆದು ಸರಿಮಾಡಿಕೊಳ್ಳಬೇಕು ಅಂತ ಅವರಿಗೆ ತಿಳಿಯುತ್ತೆ. ಆಮೇಲೆ ರಾಗದ ತೀರ್ಮಾನ. ಇದನ್ನ ಯಾವ ಪತ್ರಿಕೆಯಲ್ಲಿ ಮುಂಚೆ ಅಚ್ಚುಹಾಕೋದು?

— ಒಪ್ಪಿದೆ. ಆದರೆ ನನ್ನ ಪ್ರಶ್ನೆಗೆ ಬರ್ತೀನಿ ಅಂದಿದ್ದಿರಿ. ಹೋದ ವರ್ಷ ಪಕ್ಕದ ಮನೆ ಅಕ್ಕನನ್ನ ಕರಕೊಂಡು ಹೋಗಿದ್ದೆ. ಎರಡು ಗಂಟೆ ಕೂತಿದ್ದರು ಪಾಪ. ಬರುವಾಗ ಬಸ್ಸಿನಲ್ಲಿ 'ಚೆನ್ನಾಗಿತ್ತಮ್ಮ, ಆದರೆ ಯಾವುದು ಎಲ್ಲಿ ಮುಗೀತು ಅಂತ ತಿಳೀಲಿಲ್ಲ' ಅಂದರು. ಈ ಸಲ ಕರೆದರೆ ಬರ್ತಾರಾ ಅಂತ ನನಗೆ ಅನುಮಾನ.

— ಅದು ನನ್ನನ್ನೂ ಕಾಡಿದ ವಿಷಯ. ನನಗೆ ಇಪ್ಪತ್ತೆರಡು ವಯಸ್ಸಿರಬೇಕು. ಮೈಸೂರಿನಲ್ಲೇ ಒಂದು ಸಭೆ, ಯಾವುದು ಅಂತ ಬೇಡ. ಒಂದು ರಾಗ ಬಂತು, ಮೈ ಜುಮ್ಮೆಂದಿತು, ಏನು ಅಂತ ತಿಳೀಲಿಲ್ಲ. ಪಕ್ಕದಲ್ಲಿ ಕೂತಿದ್ದ ಹಿರಿಯರನ್ನ 'ಇದು ಯಾವ ರಾಗ ಸಾರ್' ಅಂತ ಮೆಲ್ಲಗೆ ಕೇಳಿದೆ. ಅವರು ನನ್ನ ಕಡೆ ತಿರುಗಿ, 'ಗೊತ್ತಿಲ್ಲದವರು ಯಾಕಪ್ಪಾ ಬರ್ತೀರಿ' ಅಂದರು. ಮುಂದಿನ ಸಾಲಿನವರೂ ತಿರುಗಿ ನೋಡಿದರು. ನಾನು ಎದ್ದು ಬಂದುಬಿಟ್ಟೆ. ಎರಡು ವರ್ಷ ಯಾವ ಕಛೇರಿಗೂ ಹೋಗಲಿಲ್ಲ. ಆ ರಾಗ ಬೇಗಡೆ ಅಂತ ಆಮೇಲೆ ಗೊತ್ತಾಯ್ತು.

— ಹೇಗೆ ಗೊತ್ತಾಯ್ತು?

— ಮೈಸೂರು ಆಕಾಶವಾಣಿಯಿಂದ. ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಶುರುಮಾಡಿದ ಕೇಂದ್ರ ಅದು. ನಮ್ಮ ತಂದೆ, ಅಂದರೆ ನಿನ್ನ ತಾತ, ಬೆಳಗಿನ ಸಂಗೀತ ತಪ್ಪಿಸ್ತಿರಲಿಲ್ಲ. ಪ್ರತಿ ಕೃತಿಗೆ ಮುಂಚೆ ಉದ್ಘೋಷಕರು ಹೇಳೋರು, ರಾಗ ಇದು, ತಾಳ ಇದು, ರಚನೆ ಇವರದು. ಒಂದು ದಿನ 'ರಾಗ ಬೇಗಡೆ' ಅಂದರು, ಹಿಂದೆಯೇ ಅದೇ ನಡೆ ಕೇಳಿಸಿತು. ನಾನು ಹಲ್ಲುಜ್ಜುತ್ತಿದ್ದವನು ಹಾಗೇ ನಿಂತುಬಿಟ್ಟೆ. ನಾನು ಕಲಿತ ರಾಗಗಳಲ್ಲಿ ಮುಕ್ಕಾಲು ಪಾಲು ಹಾಗೆ ಕಲಿತದ್ದು.

— ದೊಡ್ಡಪ್ಪ, ಹಾಗಾದರೆ ನಿಮಗೆ ಕಿವಿ ಕೊಟ್ಟಿದ್ದೇ ಮುಂಚೆ ಹೇಳಿಬಿಟ್ಟ ಮಾತು!

— ...ಹೌದಲ್ಲ.

— ಅದನ್ನೇ ನಾನೂ ಕೇಳ್ತಿರೋದು. ನಾಲ್ಕು ದಿನ ಮುಂಚೆ ಬೇಡ, ಬಿಡಿ. ಹಾಡೋಕೆ ಮುಂಚೆ, ಇಲ್ಲ ಹಾಡಿದ ಮೇಲಾದರೂ, ಒಂದು ಮಾತು ಮೈಕಿನಲ್ಲಿ ಹೇಳಲಿ. ರಾಗ ಇದು, ತಾಳ ಇದು, ಇಂಥವರ ರಚನೆ, ಇಂಥ ಅರ್ಥ.

— ಕೆಲವರು ಹೇಳ್ತಾರೆ ಈಗ. ಮೊದಮೊದಲು ನನಗೆ ಕಿರಿಕಿರಿ ಆಗ್ತಿತ್ತು. ಊಹೆ ಮಾಡೋ ಸುಖ ಕಿತ್ತುಕೊಂಡರು ಅನ್ನಿಸೋದು. ಈಗ ನೀನು ಹೇಳಿದ ಮೇಲೆ... ಕೃತಿ ಮುಗಿದ ಮೇಲೆ ಹೇಳಿದರೆ ನನ್ನ ಊಹೆಯೂ ಉಳಿಯುತ್ತೆ, ಆ ನಿನ್ನ ಅಕ್ಕನಿಗೂ ತಿಳಿಯುತ್ತೆ. ಅದನ್ನ ಒಪ್ಪಿಕೊಳ್ತೀನಿ. ಅವರನ್ನ ಈ ಸಲ ಕರಿ. ನಮ್ಮಿಬ್ಬರ ಮಧ್ಯೆ ಕೂರಿಸೋಣ.

— ಕರೀತೀನಿ. ಅವರಿಗೆ ಕಡೆಯಲ್ಲಿ ಹಾಡೋ ದೇವರನಾಮ ಇಷ್ಟವಾಗುತ್ತೆ, ಕನ್ನಡವಾದ್ದರಿಂದ ಒಂದೊಂದು ಮಾತೂ ತಿಳಿಯುತ್ತೆ. ಆದರೆ ಹೋದ ವರ್ಷ ಅದು ಬರೋಕೆ ಮುಂಚೆಯೇ ನಾವು ಎದ್ದು ಬಂದ್ವಿ.

— ಬಸ್ಸು.

— ಬಸ್ಸು. ತನಿ ನಡೀತಾ ಇರುವಾಗಲೇ ಚಪ್ಪಲಿ ಹುಡುಕಿಕೊಂಡ್ವಿ.

— ನನ್ನ ನಲವತ್ತು ವರ್ಷದ ಸಂಕಟ ಇದು ಪುಟ್ಟಿ. ಮೈಸೂರು ಇಲ್ಲಿಂದ 15 ಕಿಲೋಮೀಟರಿನೊಳಗೇ ಇದೆ. ಹೂಟಗಳ್ಳಿ, ಹಿನಕಲ್ ದಾಟಿದರೆ ಊರು ಬಂದೇಬಿಡ್ತು. ಹೋಗೋದು ಸುಲಭ, ರಾತ್ರಿ ವಾಪಸ್ಸು ಬರೋದು ಕಷ್ಟ. ಒಂದು ಕಾಲಕ್ಕೆ ದೇಶವೇ ನಮ್ಮ ಇಲವಾಲಕ್ಕೆ ಬಂದಿತ್ತು. 1957ರ ಸೆಪ್ಟೆಂಬರಿನಲ್ಲಿ ವಿನೋಬಾ ಭಾವೆಯವರ ಗ್ರಾಮದಾನ ಪರಿಷತ್ತು ಇಲ್ಲಿ ನಡೆದಾಗ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು, ಪ್ರಧಾನಿ ನೆಹರೂ ಇಬ್ಬರೂ ಬಂದಿದ್ದರು. ಸಂಗೀತಕ್ಕೆ ಮಾತ್ರ ನಾವೇ ಹೋಗಬೇಕು. ಆರೂವರೆಗೆ ಶುರು ಅಂದರೆ ದೀಪ ಹಚ್ಚಿ, ಸನ್ಮಾನ ಮಾಡಿ ಏಳು ಆಗುತ್ತೆ. ಒಂಬತ್ತಕ್ಕೆ ನಾನು ನಗರ ಬಸ್ ನಿಲ್ದಾಣದಲ್ಲಿ ಇರಬೇಕು. ಎಂಟೂವರೆಗೆ ಏಳಬೇಕು. ಅಷ್ಟರಲ್ಲಿ ನನಗೆ ಸಿಗೋದು ತೆಲುಗು, ಸಂಸ್ಕೃತ. ಅವು ಬೇಡ ಅಂತ ಅಲ್ಲ. ತ್ಯಾಗರಾಜರಿಲ್ಲದೆ ರಾಮನವಮಿ ಎಲ್ಲಿಂದ ಬರಬೇಕು? ಆದರೆ ಕನ್ನಡ ಬರೋ ಹೊತ್ತಿಗೆ ಹಳ್ಳಿಯಿಂದ ಬಂದವರು ಅಲ್ಲಿ ಇರೋದಿಲ್ಲ. ಯಾರಿಗೆ ಆ ಹಾಡು ಮೊದಲು ಮುಟ್ಟಬೇಕೋ ಅವರು ಬಸ್ಸಿನಲ್ಲಿರ್ತಾರೆ.

— ಯಾವಾಗಲೂ ಕಡೆಗೇ ಯಾಕೆ ಇಡ್ತಾರೆ?

— ಈಗಿನ ಕಛೇರಿಯ ಕಟ್ಟು ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರ ಕಾಲದಲ್ಲಿ ನೆಲೆಯಾದದ್ದು. ವರ್ಣ ಮೊದಲು, ಚುರುಕಾದ ಕೃತಿಗಳು, ಆಮೇಲೆ ಒಂದು ದೊಡ್ಡ ರಾಗ, ಪಲ್ಲವಿ, ತನಿ. ಉಳಿದದ್ದೆಲ್ಲ ಕಡೆಗೆ ಹಾಡೋ ಚಿಕ್ಕಪುಟ್ಟ ತುಕ್ಕಡ. ಬಹಳ ಒಳ್ಳೆ ಕಟ್ಟು, ಅದರಿಂದ ಕಛೇರಿಗೆ ಒಂದು ಓಟ ಬಂತು. ಆದರೆ ದೇವರನಾಮ ತುಕ್ಕಡದ ಸಾಲಿಗೆ ಸೇರಿಹೋಯ್ತು. ನಮ್ಮ ಮೈಸೂರಿನಲ್ಲಿ ಅದಕ್ಕೆ ಅಂಥ ಜಾಗ ಇರಲಿಲ್ಲ. ಬಿಡಾರಂ ಕೃಷ್ಣಪ್ಪನವರು ಗೊತ್ತಲ್ಲ, ಪಿಟೀಲು ಚೌಡಯ್ಯನವರ ಗುರುಗಳು?

— ರಾಮಮಂದಿರ ಕಟ್ಟಿಸಿದವರು.

— ಅವರೇ. ಸಂಗೀತದಲ್ಲಿ ಸಂಪಾದಿಸಿದ್ದನ್ನ ಸುರಿದು ಪ್ರಸನ್ನ ಸೀತಾರಾಮ ಮಂದಿರ ಕಟ್ಟಿಸಿದರು. ಗುರುಗಳ ಆ ಕೆಲಸವನ್ನ ಆಮೇಲೆ ಚೌಡಯ್ಯನವರು ಮುಂದುವರಿಸಿದರು. ಕೃಷ್ಣಪ್ಪನವರು ಪಲ್ಲವಿಯಲ್ಲಿ ಸಿಂಹ. ಅಂಥವರು ದಾಸರ ಪದಗಳನ್ನ ಕಛೇರಿಯಲ್ಲಿ ಗೌರವದಿಂದ ಎತ್ತಿ ಹಾಡಿದರು, ಆದ್ದರಿಂದಲೇ ಅವಕ್ಕೆ ವಿದ್ವತ್ ಸಭೆಗಳಲ್ಲಿ ಒಂದು ಪೀಠ ಸಿಕ್ಕಿತು. ಚೌಡಯ್ಯನವರು ಪಿಟೀಲಿಗೆ ಏಳು ತಂತಿ ಹಾಕಿದ್ದು ಯಾಕೆ? ಮೈಕಿಲ್ಲದ ಕಾಲ, ಹಿಂದಿನ ಸಾಲಿನಲ್ಲಿ ಕೂತವರಿಗೂ ಕೇಳಿಸಲಿ ಅಂತ. ಗುರು, ಶಿಷ್ಯ ಇಬ್ಬರಿಗೂ ದೂರದಲ್ಲಿ ಕೂತವರ ಚಿಂತೆ ಇತ್ತು. ನಮ್ಮ ಇಲವಾಲ ಆ ಹಿಂದಿನ ಸಾಲಿಗಿಂತ ಸ್ವಲ್ಪ ದೂರ, ಅಷ್ಟೇ.

— ದೊಡ್ಡಪ್ಪ, ಇದನ್ನ ನೀವು ಸಭೆಯವರಿಗೆ ಯಾಕೆ ಹೇಳಿಲ್ಲ?

— ಏನಂತ ಹೇಳಲಿ? ನನ್ನ ಬಸ್ಸಿಗೋಸ್ಕರ ಕಛೇರಿಯ ಕ್ರಮ ಬದಲಾಯಿಸಿ ಅಂತಲಾ?

— ನಿಮ್ಮೊಬ್ಬರ ಬಸ್ಸು ಅಲ್ಲವಲ್ಲ. ಎಂಟೂವರೆಗೆ ಎಷ್ಟು ಜನ ಏಳ್ತಾರೆ ನೋಡಿದೀರಾ? ಹುಣಸೂರು ರಸ್ತೆ ಕಡೆಯವರು, ನಂಜನಗೂಡು ಕಡೆಯವರು, ಶ್ರೀರಂಗಪಟ್ಟಣದವರು. ತನಿ ಬಂದರೆ ಕಾಫಿಗೆ ಏಳ್ತಾರೆ ಅಂತ ಮೃದಂಗದವರು ಬೇಜಾರು ಮಾಡಿಕೊಳ್ತಾರೆ ಅಂತ ನೀವೇ ಹೇಳಿದ್ದಿರಿ. ಎದ್ದವರೆಲ್ಲ ಕಾಫಿಗೇ ಎದ್ದವರಲ್ಲ.

— ಅದು ನಿಜ. ನಾನು ಎದ್ದಾಗಲೆಲ್ಲ ಮೃದಂಗದವರ ಮುಖ ನೋಡೋಕಾಗದೆ ತಲೆ ತಗ್ಗಿಸಿಕೊಂಡು ಬಂದಿದ್ದೇನೆ.

— ಕ್ರಮ ಬದಲಾಯಿಸೋದೂ ಬೇಡ. ಮುಖ್ಯ ರಾಗಕ್ಕೆ ಮುಂಚೆ ಒಂದು ಚುರುಕು ಕೃತಿ ಹಾಡ್ತಾರಲ್ಲ, ಉಸಿರು ತಿರುಗಿಸಿಕೊಳ್ಳೋಕೆ? ಆ ಜಾಗದಲ್ಲಿ ಒಂದು ದೇವರನಾಮ. ಅದನ್ನೇ ಚೆನ್ನಾಗಿ, ಒಂದು ಸಾಲನ್ನ ತಿರುಗಿ ತಿರುಗಿ ಬೆಳೆಸಿ ಒಂದು ನಿರವಲ್ ಹಾಕಿ ಹಾಡಲಿ. ಓಟವೂ ಕೆಡೋದಿಲ್ಲ, ಕನ್ನಡವೂ ಎಂಟು ಗಂಟೆಯೊಳಗೆ ಆಯ್ತು.

— ನಿರವಲ್ ಹಾಕಿ... ಪುರಂದರದಾಸರ ಸಾಲಿಗೆ ನಿರವಲ್. ಆಹಾ. ಕೃಷ್ಣಪ್ಪನವರ ಊರಿನಲ್ಲಿ ಕೇಳಬೇಕಾದ ಮಾತು ಕಣೆ ಇದು. ಯಾವ ರಾಗದಲ್ಲಿ ಹಾಡಿಯಾರು? ಮುಖ್ಯ ರಾಗ ತೋಡಿ ಅಂತ ಇಟ್ಟುಕೊಂಡರೆ ಅದಕ್ಕೆ ಮುಂಚೆ ಕಾಂಬೋಜಿ ಭಾರವಾಗುತ್ತೆ. ಮೋಹನ ಆಗಬಹುದು. ಖಮಾಸ್ ಆದರೆ, ಆ ರಾಗದಲ್ಲಿ ಕೃತಿ ಕಟ್ಟಿದ ವಾಸುದೇವಾಚಾರ್ಯರ ಊರಿಗೂ ಒಪ್ಪುತ್ತೆ.

— ಶುರುವಾಯ್ತು ನಿಮ್ಮ ಊಹೆ.

— ಶುರುವಾಗದೆ ಇರುತ್ತಾ? ಹೋಗು, ಒಂದು ಪೆನ್ನು ತಾ. ಮೊದಲೆಲ್ಲ ಕಛೇರಿಯ ನಡುವೆ ಚೀಟಿ ಕಳಿಸ್ತಿದ್ವಿ, ಇಂಥ ಕೃತಿ ಹಾಡಿ ಅಂತ. ಮುಂದಿನ ಸಾಲಿನವರ ಕೈಯಿಂದ ಕೈಗೆ ದಾಟಿ ವೇದಿಕೆಗೆ ಹೋಗೋದು. ಗಾಯಕರು ಓದಿ ತಲೆಯಾಡಿಸಿ ಪಕ್ಕದಲ್ಲಿ ಇಟ್ಟುಕೊಂಡರೆ ಅಲ್ಲಿಂದ ಮುಂದೆ ನಮ್ಮ ಎದೆ ಹೊಡಕೊಳ್ತಾನೇ ಇರೋದು. ಈ ಸಲ ಮುಂಚೆಯೇ ಕಳಿಸೋಣ, ಪೋಸ್ಟಿನಲ್ಲಿ. ಕಾರ್ಡಿನ ಕೆಳಗೆ ವಿಳಾಸ ಇದೆಯಲ್ಲ?

— ಇದೆ. ಹೇಳಿ, ಬರೀತೀನಿ.

— 'ಮಾನ್ಯರೇ, ತಮ್ಮ ಆಮಂತ್ರಣ ತಲುಪಿತು, ಸಂತೋಷ. ಒಂಬತ್ತು ದಿನವೂ ಬರ್ತೀವಿ. ಒಂದು ಪ್ರಾರ್ಥನೆ. ಏನು ಹಾಡಬೇಕು ಅಂತ ನಾವು ಹೇಳೋರಲ್ಲ, ಅದು ವಿದ್ವಾಂಸರ ಮನೋಧರ್ಮ. ಆದರೆ ಒಂದೇ ಒಂದು ದೇವರನಾಮ ಎಂಟು ಗಂಟೆಯೊಳಗೆ ಆಗುವಂತೆ ಅವರಲ್ಲಿ ವಿನಂತಿಸಬೇಕು. ಒಂಬತ್ತರ ಬಸ್ಸಿಗೆ ಹೋಗಬೇಕಾದವರು ಹಿಂದಿನ ಸಾಲಿನಲ್ಲಿ ಬಹಳ ಜನ ಇರ್ತಾರೆ.' ಬರೆದೆಯಾ?

— 'ಇರುತ್ತಾರೆ' ಅಂತ ಬರೆದೆ. ರಾಗದ ಹೆಸರು ಮೈಕಿನಲ್ಲಿ ಹೇಳೋದು?

— ಅದನ್ನೂ ಸೇರಿಸು. 'ಹಾಡಿದ ಮೇಲೆ' ಅನ್ನೋದನ್ನ ಮರೀಬೇಡ.

— ಆಯ್ತು. ಕೆಳಗೆ ನಿಮ್ಮ ಹೆಸರು ಹಾಕಲಾ ದೊಡ್ಡಪ್ಪ?

— ಬೇಡ. 'ಇಲವಾಲದವರು' ಅಂತ ಬರಿ, ಸಾಕು. ಹಾಗೇ ಪಕ್ಕದ ಮನೆಗೆ ಹೋಗಿ ಆ ಅಕ್ಕನಿಗೆ ದಿನ ಹೇಳಿ ಬಾ. ಐದೂಕಾಲಿನ ಬಸ್ಸು ಅನ್ನು.